ರಾತ್ರಿ ಹತ್ತರ ಮೇಲೆ ನಾಯಿ ಎಲ್ಲಿರುತ್ತದೆ?

ಮನೆಗೆ ಬೀಗ ಹಾಕಿ ವಾರಗಟ್ಟಲೆ ಹೋಗುವುದು ಉತ್ತರ ಕನ್ನಡದ ತೋಟದ ಮನೆಗಳಿಗೆ ಈಚಿನ ರೂಢಿ. ಮೊದಲು ಮನೆತುಂಬ ಜನ. ಮದುವೆಗೆ ಎಂಟು ಮಂದಿ ಹೊರಟರೂ ಹಾಲು ಕರೆಯಲಿಕ್ಕೆ, ದೇವರಿಗೆ ದೀಪ ಹಚ್ಚಲಿಕ್ಕೆ ಅಂತ ಇಬ್ಬರು ಉಳಿಯುತ್ತಿದ್ದರು. ನಾಯಿಗೆ ಅನ್ನ ಹಾಕುವುದೂ ಒಂದು ಕೆಲಸ ಅಂತ ಯಾರಿಗೂ ಅನ್ನಿಸುತ್ತಿರಲಿಲ್ಲ. ಈಗ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಎಷ್ಟೋ ಮನೆಗಳಲ್ಲಿ ವಯಸ್ಸಾದ ಗಂಡ ಹೆಂಡತಿ ಮತ್ತು ಒಂದು ನಾಯಿ, ಇಷ್ಟೇ. ಕೊಟ್ಟಿಗೆ ಖಾಲಿಯಾಗಿ ಕಾಲವಾಗಿದೆ. ಮಗಳ ಬಾಣಂತನಕ್ಕೆ ಬೆಂಗಳೂರಿಗೆ ಹೊರಡುವಾಗ ಪಕ್ಕದ ಮನೆಗೆ ಹೇಳಿ ಹೋಗೋಣವೆಂದರೆ ಪಕ್ಕದ ಮನೆಯವರೂ ಬೆಂಗಳೂರಿನಲ್ಲೇ ಇದ್ದಾರೆ.

ಘಟ್ಟದ ಕೆಳಗಿನ ಕತೆ ಬೇರೆ. ಕಾರವಾರದ ನೌಕಾನೆಲೆಗೆ, ಕೈಗಾ ಅಣುಸ್ಥಾವರಕ್ಕೆ ವರ್ಗವಾಗಿ ಬಂದ ಕುಟುಂಬಗಳು ಲ್ಯಾಬ್ರಡಾರನ್ನೋ ಪಗ್ಗನ್ನೋ ಜತೆಗೆ ತಂದಿರುತ್ತವೆ. ಅವರ ಊರು ರೈಲಿನಲ್ಲಿ ಎರಡು ದಿನದ ದಾರಿ. ರಜೆ ಸಿಕ್ಕಾಗ ನಾಯಿಯನ್ನು ಒಯ್ಯುವುದು ಸುಲಭವಲ್ಲ. ರೈಲಿನಲ್ಲಿ ಪಕ್ಕದಲ್ಲೇ ಕೂರಿಸಿಕೊಳ್ಳಬೇಕೆಂದರೆ ಫಸ್ಟ್ ಕ್ಲಾಸ್ ಎಸಿಯ ಇಡೀ ಕೋಣೆ ಇವರ ಹೆಸರಿಗೆ ಸಿಗಬೇಕು. ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ನಾಯಿಪೆಟ್ಟಿಗೆಯೇ ಗತಿ. ರಾತ್ರಿ ಹೊರಡುವ ಸ್ಲೀಪರ್ ಬಸ್ಸಿನವರಂತೂ ನಾಯಿ ಕಂಡರೆ ಬಾಗಿಲನ್ನೇ ತೆಗೆಯುವುದಿಲ್ಲ.

ಹೀಗೆ ಎರಡು ಕಡೆಯಿಂದ ಬಂದ ಅಗತ್ಯಕ್ಕೆ ಹೋಂ ಬೋರ್ಡಿಂಗ್ ಹುಟ್ಟಿಕೊಂಡಿದೆ. ಯಾರೋ ಒಬ್ಬರು ತಮ್ಮ ಮನೆಯಲ್ಲೇ ನಿಮ್ಮ ನಾಯಿಯನ್ನು ದಿನಕ್ಕೆ ಇಷ್ಟು ಅಂತ ದುಡ್ಡು ಪಡೆದು ಇಟ್ಟುಕೊಳ್ಳುತ್ತಾರೆ. ದೊಡ್ಡ ಊರುಗಳಂತೆ ಇಲ್ಲಿ ಇದಕ್ಕೆ ಬೋರ್ಡು, ಕೌಂಟರು ಏನೂ ಇರುವುದಿಲ್ಲ. ನಾಯಿ ಆಹಾರ ಮಾರುವ ಅಂಗಡಿಯಲ್ಲೋ ಪಶುವೈದ್ಯರ ಹತ್ತಿರವೋ ಒಂದು ಫೋನ್ ನಂಬರು ಸಿಗುತ್ತದೆ, ಮಿಕ್ಕಿದ್ದೆಲ್ಲ ಬಾಯಿಮಾತು. ಸಾಲುಸಾಲು ಗೂಡುಗಳ ಕೆನ್ನಲ್ಲಿಗಿಂತ ಮನೆಯ ವಾತಾವರಣ ನಾಯಿಗೆ ಹಿತ ಅನ್ನುವುದು ಒಪ್ಪತಕ್ಕ ಮಾತೇ. ಆದರೆ ಕೆನ್ನಲ್ಲಿನಲ್ಲಿ ನಾಯಿ ತಪ್ಪಿಸಿಕೊಳ್ಳದಂತೆ ಬಾಗಿಲು, ಬೇಲಿ ಮಾಡಿರುತ್ತಾರೆ. ಮನೆಯನ್ನು ಕಟ್ಟಿದ್ದು ಮನುಷ್ಯರಿಗೆ. ಆ ವ್ಯತ್ಯಾಸ ಬಯಲಾಗುವುದು ಕತ್ತಲಾದ ಮೇಲೆ.

ಬಿಡಲು ಬಂದವರು ಸಾಮಾನ್ಯವಾಗಿ ಕೇಳುವುದು ಮೂರು ಮಾತು: ದಿನಕ್ಕೆಷ್ಟು, ಊಟಕ್ಕೇನು, ಫೋಟೋ ಕಳಿಸುತ್ತೀರಾ. ಮೂರೂ ಹಗಲಿನ ಪ್ರಶ್ನೆಗಳು. ಅಂಗಳದಲ್ಲಿ ಚೆಂಡು ಕಚ್ಚಿಕೊಂಡು ಓಡುವ ಫೋಟೋ ಯಾರು ಬೇಕಾದರೂ ಕಳಿಸಬಹುದು. ನೀವು ದುಡ್ಡು ಕೊಡುತ್ತಿರುವುದು ರಾತ್ರಿ ಹತ್ತರಿಂದ ಬೆಳಗಿನ ಆರರ ತನಕದ ಎಂಟು ಗಂಟೆಗೆ ಅನ್ನುವುದು ನನ್ನ ಲೆಕ್ಕ. ಆ ಹೊತ್ತಿನಲ್ಲಿ ನಾಯಿ ಎಲ್ಲಿ ಮಲಗುತ್ತದೆ, ಹತ್ತಿರ ಯಾರಿರುತ್ತಾರೆ, ಮೂತ್ರಕ್ಕೆಂದು ಕುಂಯ್‌ಗುಟ್ಟಿದರೆ ಬಾಗಿಲು ತೆಗೆಯುವವರು ಯಾರು, ತೆಗೆದ ಬಾಗಿಲಿನ ಆಚೆ ಏನಿದೆ, ಇವಿಷ್ಟು ಗೊತ್ತಾದರೆ ಉಳಿದ ಮುಕ್ಕಾಲು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಹಾಗೆಯೇ.

ಜಗಲಿಯೋ ಒಳಗೋ?

ಮಲೆನಾಡಿನಲ್ಲಿ ಈ ಪ್ರಶ್ನೆಗೆ ಇರುವ ತೂಕ ಪೇಟೆಯವರಿಗೆ ಗೊತ್ತಾಗುವುದಿಲ್ಲ. ಇಲ್ಲಿ ನಾಯಿಯನ್ನು ಜಗಲಿಯಲ್ಲಿ ಅಥವಾ ಅಂಗಳದಂಚಿನ ಗೂಡಿನಲ್ಲಿ ಕಟ್ಟುವುದು ತಲೆಮಾರುಗಳಿಂದ ಬಂದ ಪದ್ಧತಿ. ಅದರಲ್ಲಿ ತಾತ್ಸಾರವೇನೂ ಇಲ್ಲ, ನಾಯಿ ಇರುವುದೇ ಮನೆ ಕಾಯಲಿಕ್ಕೆ, ತೋಟಕ್ಕೆ ಬರುವ ಮಂಗನನ್ನು ಓಡಿಸಲಿಕ್ಕೆ. ಆದರೆ ಇದು ಚಿರತೆ ಓಡಾಡುವ ಸೀಮೆ. ಪಶ್ಚಿಮ ಘಟ್ಟದ ಅಂಚಿನ ಹಳ್ಳಿಗಳಲ್ಲಿ ಚಿರತೆಗೆ ಸುಲಭವಾಗಿ ಸಿಗುವ ಬೇಟೆಗಳಲ್ಲಿ ನಾಯಿಯೂ ಒಂದು. ಬೆಳಗಾಗಿ ನೋಡಿದರೆ ಬರೀ ಸರಪಳಿ ಬಿದ್ದಿತ್ತು ಅನ್ನುವ ಸುದ್ದಿ ಈ ಕಡೆಯವರಿಗೆ ಹೊಸದಲ್ಲ. ಊರಿನ ನಾಯಿ ವಾಸನೆಗೇ ಎಚ್ಚರಗೊಂಡು ಮೆಟ್ಟಿಲ ಕೆಳಗೆ ನುಸುಳುತ್ತದೆ. ಕ್ವಾರ್ಟರ್ಸಿನ ಸೋಫಾದ ಮೇಲೆ ಬೆಳೆದ ಲ್ಯಾಬ್ರಡಾರಿಗೆ ಆ ವಿದ್ಯೆ ಬಾರದು, ಮೇಲಾಗಿ ಅದನ್ನು ಕಟ್ಟಿ ಹಾಕಿರುತ್ತಾರೆ. ಕಟ್ಟಿದ ನಾಯಿಗೆ ಓಡುವ ದಾರಿಯೂ ಇಲ್ಲ.

ಆದ್ದರಿಂದ 'ರಾತ್ರಿ ಒಳಗೇ ಮಲಗಿಸುತ್ತೇವೆ' ಎಂದರೆ ಅಲ್ಲಿಗೇ ಬಿಡಬೇಡಿ, ಯಾವ ಕೋಣೆ ಅಂತ ಕೇಳಿ, ಹೋಗಿ ನೋಡಿ. ಹೆಚ್ಚಿನ ಮನೆಗಳಲ್ಲಿ ಅಡುಗೆಮನೆ, ದೇವರ ಕೋಣೆಗೆ ನಾಯಿಗೆ ಪ್ರವೇಶವಿಲ್ಲ; ಅದು ಅವರ ಮನೆಯ ನಡಾವಳಿ, ಅದನ್ನು ನಾವು ತಿದ್ದಬೇಕಾಗಿಲ್ಲ. ಜಾಲರಿ ಬಾಗಿಲಿರುವ ಚಿಟ್ಟೆ (ಹೊರಜಗಲಿ), ಬಚ್ಚಲಿನ ಪಕ್ಕದ ಕೋಣೆ, ಮುಚ್ಚಿದ ವರಾಂಡ, ಯಾವುದಾದರೂ ಆದೀತು. ಗೋಡೆ, ಚಿಲಕ, ಗಾಳಿ ಮೂರು ಇರಬೇಕು, ಅದರ ಕೂಗು ಮಲಗಿದವರ ಕಿವಿಗೆ ಮುಟ್ಟಬೇಕು. ಏಪ್ರಿಲ್, ಮೇ ತಿಂಗಳಿನ ಕಾರವಾರದಲ್ಲಾದರೆ ಗಾಳಿಯ ಮಾತು ಮೊದಲು ಬರುತ್ತದೆ. ಪಗ್‌ನಂಥ ಚಪ್ಪಟೆ ಮೂಗಿನ ನಾಯಿಗಳು ಆ ಸೆಕೆ ಮತ್ತು ತೇವದಲ್ಲಿ ಉಸಿರಾಟದಿಂದ ಮೈ ತಂಪಾಗಿಸಿಕೊಳ್ಳಲು ಹೆಣಗುತ್ತವೆ. ಕರೆಂಟ್ ಹೋದಾಗ ಫ್ಯಾನಿಗೆ ಇನ್ವರ್ಟರ್ ಇದೆಯೇ ಅಂತ ಕೇಳುವುದು ಅತಿಯಾಯಿತು ಅಂತ ಅನ್ನಿಸಿದರೂ ಕೇಳಬೇಕು.

ಇನ್ನು ತಪ್ಪಿಸಿಕೊಳ್ಳುವ ವಿಚಾರ. ಬೋರ್ಡಿಂಗ್‌ನಲ್ಲಿ ರೋಗಕ್ಕಿಂತ ನಾನು ಹೆಚ್ಚು ಹೆದರುವುದು ಇದಕ್ಕೆ. ಯಜಮಾನರ ಕಾರು ತಿರುವು ದಾಟಿದ ಹೊತ್ತಿನಿಂದ ಮರುದಿನ ಬೆಳಗಿನ ತನಕ ನಾಯಿಯ ತಲೆಯಲ್ಲಿ ಇರುವುದು ಒಂದೇ ಯೋಚನೆ, ಹೋದ ದಾರಿಯಲ್ಲೇ ಹಿಂಬಾಲಿಸಬೇಕು. ಹಳ್ಳಿ ಮನೆಯ ದಣಪೆ (ಅಡ್ಡಗಳುಗಳ ಗೇಟು) ದನ ತಡೆಯಲಿಕ್ಕೆ ಹಾಕಿದ್ದು. ಅದರ ಸಂದಿಯಲ್ಲಿ ಮಧ್ಯಮ ಗಾತ್ರದ ನಾಯಿ ಸಲೀಸಾಗಿ ನುಸುಳುತ್ತದೆ. ಕರಾವಳಿಯ ಮನೆಗಳಿಗೆ ಕಲ್ಲಿನ ಪಾಗಾರ ಇದ್ದರೂ ಹಿಂಬದಿ ತೆಂಗಿನ ಗರಿಯ ಬೇಲಿ ಇರುವುದುಂಟು, ಅದರಾಚೆ ಬೀದಿನಾಯಿಗಳ ಗುಂಪು, ಇನ್ನೂ ಆಚೆ ನಾಲ್ಕು ಪಥದ ಹೆದ್ದಾರಿ. ಬೆಲ್ಟಿನ ಒಳಗೆ ಎರಡು ಬೆರಳು ಮಾತ್ರ ಹೋಗಬೇಕು, ಅದಕ್ಕಿಂತ ಸಡಿಲವಿದ್ದರೆ ಹಿಂದಕ್ಕೆ ಜಗ್ಗಿದಾಗ ಕಿವಿಯ ಮೇಲಿಂದ ಕಳಚಿಕೊಳ್ಳುತ್ತದೆ. ಎದೆಗೆ ಹಾಕುವ ಹಾರ್ನೆಸ್ ಇದ್ದರೆ ಮೊದಲ ದಿನ ಎರಡನ್ನೂ ಹಾಕಿರಲಿ. ಮೈಕ್ರೋಚಿಪ್ ಒಳ್ಳೆಯದೇ, ಆದರೆ ಅದನ್ನು ಓದುವ ಯಂತ್ರ ನಮ್ಮ ತಾಲೂಕುಗಳಲ್ಲಿ ಎಲ್ಲಿದೆ ಅಂತ ಹುಡುಕುವ ಬದಲು ಬೆಲ್ಟಿನ ಮೇಲೆ ಬೋರ್ಡಿಂಗ್ ಮನೆಯವರ ನಂಬರನ್ನು ಪರ್ಮನೆಂಟ್ ಮಾರ್ಕರಿನಲ್ಲಿ ಬರೆಯಿರಿ. ನಿಮ್ಮ ನಂಬರಲ್ಲ, ಅವರದ್ದು. ನೀವು ಆಗ ರೈಲಿನಲ್ಲಿರುತ್ತೀರಿ.

ಮನೆಯಲ್ಲಿ ಬೇರೆ ನಾಯಿ ಎಷ್ಟಿವೆ ಅನ್ನುವುದೂ ರಾತ್ರಿಯ ಪ್ರಶ್ನೆಯೇ. ಹಗಲು ಜತೆಗೆ ಆಡಿದ ನಾಯಿಗಳು ಊಟದ ತಟ್ಟೆಯ ಹತ್ತಿರ, ಮಲಗುವ ಜಾಗದ ಹತ್ತಿರ ಜಗಳ ತೆಗೆಯುತ್ತವೆ. ಪ್ರತಿಯೊಂದಕ್ಕೂ ಬೇರೆ ಜಾಗದಲ್ಲಿ ಊಟ ಹಾಕಿ, ರಾತ್ರಿ ನಡುವೆ ಒಂದು ಬಾಗಿಲು ಇಡುವ ಮನೆ ಒಳ್ಳೆಯದು. ಒಬ್ಬರೇ ಇರುವ ಮನೆಯಲ್ಲಿ ದೀಪಾವಳಿಗೆ ಆರೇಳು ನಾಯಿ ಒಪ್ಪಿಕೊಂಡಿದ್ದಾರೆ ಅಂತಾದರೆ ನಾನಂತೂ ವಾಪಸ್ ಬರುತ್ತೇನೆ. ಪಟಾಕಿಯ ಸದ್ದಿಗೆ ಹೆದರಿದ ನಾಯಿ ಜಾಲರಿಯನ್ನೂ ಹರಿಯುತ್ತದೆ. ಕರಾವಳಿಯಲ್ಲಿ ಗಣೇಶ ಚೌತಿಗೂ ಪಟಾಕಿಯ ಅಬ್ಬರ ಕಡಿಮೆಯಿಲ್ಲ. ಶಿರಸಿಯಲ್ಲಾದರೆ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ವಾರ ಪೇಟೆಯೊಳಗಿನ ಮನೆಗಳನ್ನು ಬಿಟ್ಟೇಬಿಡಬೇಕು. ಆಗ ಬೋರ್ಡಿಂಗ್ ನಡೆಸುವವರ ಮನೆಯಲ್ಲೇ ನೆಂಟರು ತುಂಬಿರುತ್ತಾರೆ, ಯಾರೋ ಒಬ್ಬರು ಗೇಟು ತೆರೆದಿಟ್ಟು ಹೋಗುತ್ತಾರೆ.

ಮೊದಲ ದಿನ

ಬಿಡುವ ಹೊತ್ತಿನಲ್ಲಿ ನಡೆಯುವುದನ್ನು ನೋಡಿದರೆ ಆ ಮನೆಯವರಿಗೆ ಕೆಲಸ ಗೊತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಶಿರಸಿ ಪೇಟೆಯಂಚಿನ ಒಂದು ಮನೆಯಲ್ಲಿ ಕಂಡದ್ದು: ದಂಪತಿ ನಾಯಿಯ ಜತೆ ಹೊಸ ತಟ್ಟೆ, ಹೊಸ ಹಾಸಿಗೆ, ಒಗೆದು ಮಡಚಿದ ಹೊದಿಕೆ ಎಲ್ಲ ತಂದಿದ್ದರು. ಮನೆಯಾಕೆ ಹೊದಿಕೆಯನ್ನು ಮೂಗಿಗೆ ಹಿಡಿದು ನೋಡಿ, 'ತೊಳೆದದ್ದೆಂತಕ್ಕೆ ತಂದ್ರಿ? ಇದಕ್ಕೆ ಮನೆ ವಾಸನೆ ಇದ್ರೇ ಅಲ್ದಾ ಅದು ಮಲಗೂದು' ಅಂದರು. ಯಜಮಾನರು ಸ್ವಲ್ಪ ನಾಚಿ, ಕಾರಿನ ಹಿಂದಿನ ಸೀಟಿಗೆ ಹಾಸಿದ್ದ ರೋಮ ತುಂಬಿದ ಹಳೇ ಪಂಚೆ ತಂದುಕೊಟ್ಟರು. ಆಕೆ ಅದನ್ನೇ ಮೂಲೆಗೆ ಹಾಸಿದರು. ನಾಯಿಯನ್ನು ಮುದ್ದು ಮಾಡಲು ಹೋಗಲಿಲ್ಲ, ಅದರ ಕಡೆ ನೇರ ನೋಡಲೂ ಇಲ್ಲ. ಬೆಲ್ಟಿಗೆ ಉದ್ದನೆಯ ಹಗ್ಗ ಕಟ್ಟಿ ಅಂಗಳ, ಬಾವಿಕಟ್ಟೆ, ಹಿತ್ತಲು ಎಲ್ಲ ಮೂಸಲು ಬಿಟ್ಟು ತಾವು ಅದರ ಹಿಂದೆ ನಡೆದರು. 'ಇನ್ನು ಹೊರಡಿ, ಟಾಟಾ ಗೀಟಾ ಎಂತೂ ಬೇಡ' ಅಂದಾಗ ದಂಪತಿಗೆ ಬೇಸರವಾದದ್ದು ಕಾಣುತ್ತಿತ್ತು. ಆದರೆ ಆಕೆ ಹೇಳಿದ್ದು ಸರಿಯೇ. ಬಾಗಿಲಲ್ಲಿ ಅತ್ತು ಕರೆದು ಮಾಡುವ ಬೀಳ್ಕೊಡುಗೆಯಿಂದ ನಾಯಿಗೆ ಗಾಬರಿ ಹೆಚ್ಚುತ್ತದೆ, ಸಮಾಧಾನ ಬರುವುದಿಲ್ಲ.

ಅದಾದ ಮೇಲೆ ಏನನ್ನು ನಿರೀಕ್ಷಿಸಬೇಕು? ಮೊದಲ ರಾತ್ರಿ ಊಟ ಬಿಡುವುದು ಸಾಮಾನ್ಯ. ಆರೋಗ್ಯವಾಗಿರುವ ದೊಡ್ಡ ನಾಯಿ ಒಂದು ದಿನ ಉಪವಾಸ ಇದ್ದರೆ ಏನೂ ಆಗದು, ನೀರು ಕುಡಿದರೆ ಸಾಕು. ಮರಿಗಳ, ತೀರ ಪುಟ್ಟ ತಳಿಗಳ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವ ನಾಯಿಗಳ ಮಾತು ಬೇರೆ, ಅವು ಒಂದು ಹೊತ್ತು ಬಿಟ್ಟರೂ ಫೋನ್ ಬರಬೇಕು. ಬಾಗಿಲ ಹತ್ತಿರ ಓಡಾಟ, ಏದುಸಿರು, ನಡುರಾತ್ರಿ ಊಳಿಡುವುದು, ಮನೆಯಲ್ಲಿ ಎಂದೂ ಮಾಡದ ನಾಯಿ ಅಲ್ಲಿ ಮೂಲೆಯಲ್ಲಿ ಮೂತ್ರ ಮಾಡುವುದು, ಇವೆಲ್ಲ ಆಗುತ್ತವೆ. ಎರಡನೆಯ ದಿನ ಮಲ ಸಡಿಲವಾಗುವುದೂ ಉಂಟು, ಆತಂಕಕ್ಕೇ ಕರುಳು ಕೆಡುತ್ತದೆ. ಮಾಮೂಲಾಗಿ ಇದು ಒಂದೆರಡು ದಿನಕ್ಕೆ ನಿಲ್ಲುತ್ತದೆ. ಮಲದಲ್ಲಿ ರಕ್ತ, ಮತ್ತೆಮತ್ತೆ ವಾಂತಿ, ಎದ್ದು ನಿಲ್ಲಲಾರದ ಸುಸ್ತು ಇದ್ದರೆ ಅದನ್ನು ಆತಂಕದ ಖಾತೆಗೆ ಹಾಕಿ ಕೂರಬಾರದು.

ಕೆಲವು ನಾಯಿಗಳು ಎರಡು ದಿನ ತೀರ ಸಭ್ಯವಾಗಿರುತ್ತವೆ. ಮನೆಯವರು ಫೋನ್ ಮಾಡಿ 'ಎಷ್ಟು ಪಾಪದ್ದು' ಅನ್ನುತ್ತಾರೆ. ಅದು ಪಾಪವಲ್ಲ, ದಂಗಾಗಿರುವುದು. ಮೂರನೆಯ ದಿನಕ್ಕೆ ಧೈರ್ಯ ಬಂದಾಗ ಚಪ್ಪಲಿ ಹರಿಯುತ್ತದೆ. ಇದನ್ನೆಲ್ಲ ಮೊದಲೇ ನೋಡಿಕೊಳ್ಳಲು ಒಂದೇ ಉಪಾಯ: ನಿಜವಾದ ಪ್ರಯಾಣಕ್ಕೆ ಕೆಲವು ವಾರ ಮೊದಲು ಊರಲ್ಲೇ ಇದ್ದುಕೊಂಡು ಒಂದು ರಾತ್ರಿ ಬಿಟ್ಟು ನೋಡುವುದು. ಆ ಒಂದು ರಾತ್ರಿಯ ದುಡ್ಡು ದಂಡ ಅನ್ನುವವರಿದ್ದಾರೆ. ಬೆಂಗಳೂರಿನಿಂದ ಅರ್ಧಕ್ಕೆ ವಾಪಸ್ ಬರುವ ಬಸ್ಸಿನ ದರ ನೋಡಿದರೆ ಆ ಮಾತು ನಿಲ್ಲುತ್ತದೆ.

ಬಂಗಡೆ ತಿಂದು ಬೆಳೆದ ನಾಯಿ

ಊಟದ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ಬೇರೆ ಕಡೆಗಿಂತ ತುಸು ಗಡಚು. ಅಂಕೋಲೆಯ, ಕಾರವಾರದ ಮನೆಗಳಲ್ಲಿ ನಾಯಿ ಮೀನುಸಾರಿನ ಅನ್ನ ತಿಂದೇ ಬೆಳೆದಿರುತ್ತದೆ. ಘಟ್ಟದ ಮೇಲಿನ ಹವ್ಯಕರ ಮನೆಯಲ್ಲಿ ನಾಯಿಗೂ ಸಿಗುವುದು ಮಜ್ಜಿಗೆ ಅನ್ನ, ಹಾಲು ಅನ್ನ. ಬಂಗಡೆಯ ನಾಯಿಯನ್ನು ಮಜ್ಜಿಗೆಯ ಮನೆಗೆ ಬಿಟ್ಟರೆ ತಟ್ಟೆಯನ್ನು ಮೂಸಿ ನೋಡಿ ಮುಖ ತಿರುಗಿಸುತ್ತದೆ. ಉಲ್ಟಾ ಆದರೆ ಇನ್ನೂ ಕಷ್ಟ, ಹಾಲುಅನ್ನದ ನಾಯಿಗೆ ಪ್ರೀತಿಯಿಂದ ಹಾಕಿದ ಮೀನಿನ ತಲೆ, ಕೋಳಿಯ ಬೇಯಿಸಿದ ಎಲುಬು ಗಂಟಲಲ್ಲೋ ಕರುಳಲ್ಲೋ ಸಿಕ್ಕಿಕೊಳ್ಳಬಹುದು. ಬೇಯಿಸಿದ ಎಲುಬು ಚೂಪಾಗಿ ಸೀಳುತ್ತದೆ.

ಮಾಂಸ ಬೇಯಿಸಲು ಹೇಳಿ ಆ ಮನೆಯವರನ್ನು ಇಕ್ಕಟ್ಟಿಗೆ ಸಿಲುಕಿಸುವುದಕ್ಕಿಂತ ಹೊರಡುವ ಹತ್ತು ದಿನ ಮೊದಲೇ ನಾಯಿಯನ್ನು ಅಂಗಡಿಯಲ್ಲಿ ಸಿಗುವ ನಾಯಿ ಆಹಾರದ ಒಣ ಕಾಳಿಗೆ ಹೊಂದಿಸುವುದು ಸರಳ. ಹಳೆಯ ಊಟದಲ್ಲಿ ಕಾಲುಭಾಗ ಕಾಳು ಬೆರೆಸಿ ದಿನದಿನಕ್ಕೆ ಹೆಚ್ಚಿಸುತ್ತ ಹೋದರೆ ಹೊಟ್ಟೆ ಕೆಡುವುದಿಲ್ಲ. ದಿನಗಳ ಲೆಕ್ಕಕ್ಕೆ ಎರಡು ದಿನದ್ದು ಹೆಚ್ಚು ಸೇರಿಸಿ ಪೊಟ್ಟಣ ಕಟ್ಟಿ ಕೊಡಿ, 'ಒಂದು ಲೋಟ' ಅಂತ ಹೇಳಬೇಡಿ, ಒಬ್ಬೊಬ್ಬರ ಲೋಟ ಒಂದೊಂದು ಅಳತೆ. ಹಬ್ಬದ ಮನೆಯಾದರೆ ಒಂದು ಮಾತು ಹೇಳಿಯೇ ಬರಬೇಕು: ಪಾಯಸದ ಒಣದ್ರಾಕ್ಷಿ, ಈರುಳ್ಳಿ ಹಾಕಿದ ಪಲ್ಯ, ಚಾಕೊಲೇಟು ಮೂರೂ ನಾಯಿಗೆ ವಿಷ. ಒಂದು ಚೂರು ತಿಂದರೆ ಏನಾಗುತ್ತದೆ ಅನ್ನುವ ಅಜ್ಜಿ ಪ್ರತಿ ಮನೆಯಲ್ಲೂ ಇರುತ್ತಾರೆ.

ತೋಟವೂ ಕಡಲ ದಂಡೆಯೂ

ಬೇರೆ ಊರಿನ ಬೋರ್ಡಿಂಗ್ ಸಲಹೆಗಳಲ್ಲಿ ಇಲ್ಲದ ಅಪಾಯಗಳು ಇಲ್ಲಿವೆ. ಮಳೆಗಾಲ ಶುರುವಾಗುವ ಮೊದಲು, ಮತ್ತೆ ಸುಮಾರು 40 ದಿನ ಬಿಟ್ಟು, ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುತ್ತಾರೆ. 100 ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತ ಮತ್ತು ಸುಣ್ಣ. ಡ್ರಮ್ಮಿನ ತಳದಲ್ಲಿ ಉಳಿದ ನೀಲಿ ನೀರನ್ನು ಬಾಯಾರಿದ ನಾಯಿ ಕುಡಿದರೆ ವಾಂತಿಯಿಂದ ಶುರುವಾಗಿ ಯಕೃತ್ತಿನ ತನಕ ಹೋಗುತ್ತದೆ. ಅಡಿಕೆಯೂ ನಿರುಪದ್ರವಿಯಲ್ಲ. ಅದರಲ್ಲಿರುವ ಅರೆಕೋಲಿನ್ ಅನ್ನು ಹಿಂದೆ ನಾಯಿಗಳ ಲಾಡಿಹುಳ ಕೆಡವಲು ಔಷಧಿಯಾಗಿ ಕೊಡುತ್ತಿದ್ದರು, ಅಂದರೆ ಕರುಳನ್ನು ಕಲಕುವ ಶಕ್ತಿ ಅದಕ್ಕಿದೆ. ತೋಟದ ನಾಯಿಗಳು ಅಡಿಕೆಯ ತಂಟೆಗೆ ಹೋಗುವುದಿಲ್ಲ. ಏನು ಸಿಕ್ಕಿದರೂ ಜಗಿಯುವ ಪೇಟೆಯ ಮರಿಯನ್ನು ಕೊಯ್ಲಿನ ಸಮಯದಲ್ಲಿ ಅಂಗಳದ ರಾಶಿಯ ಹತ್ತಿರ ಬಿಡಬಾರದು. ಇಲಿ ಪಾಷಾಣ ಎಲ್ಲೆಲ್ಲಿ ಇಟ್ಟಿದ್ದಾರೆ ಅಂತ ನೇರವಾಗಿ ಕೇಳಿ. ತೋಟದ ಮನೆಯಲ್ಲಿ ಅದು ಇರುವುದು ಸಹಜ, ಕೇಳಿದರೆ ಯಾರೂ ಬೇಸರಪಡುವುದಿಲ್ಲ.

ಮಳೆಗಾಲದಲ್ಲಿ ಉಂಬಳದ (ಜಿಗಣೆಯ) ಕಾಟ. ಕಾಲ್ಬೆರಳ ಸಂದಿಯಲ್ಲಿ ಕಚ್ಚಿದ್ದು ಕಾಣುತ್ತದೆ, ಮೂಗಿನೊಳಗೆ ಹೊಕ್ಕಿದ್ದು ಕಾಣುವುದಿಲ್ಲ. ನಾಯಿ ಒಂದೇ ಸಮ ಸೀನುತ್ತ ಒಂದು ಹೊಳ್ಳೆಯಿಂದ ರಕ್ತ ಬಂದರೆ ಅದನ್ನು ನೆನಪಿಸಿಕೊಳ್ಳಬೇಕು. ಇಲಿಜ್ವರ ಹರಡುವುದೂ ಇದೇ ಕಾಲದ ನಿಂತ ನೀರಿನಲ್ಲಿ, ಲಸಿಕೆಯ ಚೀಟಿಯಲ್ಲಿ ಲೆಪ್ಟೋಸ್ಪೈರೋಸಿಸ್ ಸೇರಿದೆಯೇ ಅಂತ ನೋಡಿ. ಬೇಸಿಗೆ ಬಂತೆಂದರೆ ಉಣುಗು, ಅಂದರೆ ರಕ್ತ ಹೀರುವ ಉಣ್ಣೆಹುಳ. ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಇಂದಿಗೂ ಸಿದ್ದಾಪುರದ ಕಡೆಯವರ ನಿದ್ದೆಗೆಡಿಸುತ್ತದೆ, ಅದನ್ನು ಹರಡುವುದು ಕಾಡಿನ ಉಣುಗು. ನಾಯಿಯ ಮೈಮೇಲೆ ಕಾಣುವ ಉಣುಗೆಲ್ಲ ಆ ಜಾತಿಯದಲ್ಲ, ಹಾಗಂತ ಡಿಸೆಂಬರಿನಿಂದ ಮೇ ತನಕ ಕಾಡಂಚಿನ ಬೆಟ್ಟಕ್ಕೆ ನಾಯಿಯನ್ನು ತಿರುಗಾಡಲು ಬಿಡುವ ಮನೆಯನ್ನು ನಾನು ಆರಿಸಲಾರೆ. ನಾಯಿಗೇ ಬರುವ ಉಣುಗು ಜ್ವರವಂತೂ ಘಟ್ಟದ ಮೇಲೂ ಕೆಳಗೂ ಇದ್ದದ್ದೇ. ಬಿಡುವ ಮೊದಲು ಉಣುಗಿನ ಔಷಧಿ, ಮಾತ್ರೆಯೋ ಬೆನ್ನಿಗೆ ಹಾಕುವ ಹನಿಯೋ, ಡಾಕ್ಟರ ಹತ್ತಿರ ಕೇಳಿ ಮುಗಿಸಿರಬೇಕು. ಅದು ನಿಮ್ಮ ನಾಯಿಯನ್ನಷ್ಟೇ ಕಾಯುವುದಿಲ್ಲ, ಆ ಮನೆಯ ಹಾಸಿಗೆಯನ್ನೂ ಕಾಯುತ್ತದೆ.

ಕಡಲತಡಿಯಲ್ಲಿ ಬಿಡುವವರಿಗೆ ಒಂದು ಕನಸಿರುತ್ತದೆ, ನಾಯಿ ಬೆಳಗ್ಗೆ ಸಂಜೆ ಬೀಚಿನಲ್ಲಿ ಓಡುತ್ತದೆ ಅಂತ. ಓಡಲಿ, ಆದರೆ ಹಗ್ಗ ಕೈಯಲ್ಲಿರಲಿ. ದಡಕ್ಕೆ ಎಳೆಯುವ ಎಂಡಿ ಬಲೆ ಎಳೆದ ಮೇಲೆ ಬೇಡದ ಮೀನನ್ನು ಮರಳಲ್ಲೇ ಚೆಲ್ಲುತ್ತಾರೆ. ಅದರಲ್ಲಿ ಹೊಟ್ಟೆ ಊದಿಸಿಕೊಳ್ಳುವ ಜಾತಿಯ ವಿಷಮೀನು ಇದ್ದರೆ, ನಾಯಿ ಅದನ್ನು ತಿಂದರೆ, ಕೈಕಾಲು ಸೋತು ಉಸಿರೇ ನಿಲ್ಲಬಹುದು. ಉಪ್ಪುನೀರು ಕುಡಿದು ಭೇದಿಯಾಗುವುದು ಅದಕ್ಕಿಂತ ಸಣ್ಣ ತಾಪತ್ರಯ.

ಡಾಕ್ಟರು ದೂರ, ರಸ್ತೆ ನಂಬುವಂತಿಲ್ಲ

ಪ್ರತಿ ತಾಲೂಕಿನಲ್ಲೂ ಸರಕಾರಿ ಪಶು ಆಸ್ಪತ್ರೆ ಇದೆ, ಹಗಲು ಹೊತ್ತು ಅಲ್ಲಿ ಒಳ್ಳೆಯ ಕೆಲಸವೂ ಆಗುತ್ತದೆ. ರಾತ್ರಿ ಎರಡು ಗಂಟೆಗೆ ಸ್ಕ್ಯಾನಿಂಗ್, ಆಪರೇಶನ್ ಬೇಕಾದರೆ ಘಟ್ಟದ ಮೇಲಿನವರು ಹುಬ್ಬಳ್ಳಿ–ಧಾರವಾಡದ ಕಡೆ, ಕಾರವಾರದವರು ಗೋವಾದ ಕಡೆ ಮುಖ ಮಾಡಬೇಕು. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್. ದೊಡ್ಡ ಎದೆಯ ನಾಯಿಗಳಿಗೆ ಉಂಡು ಕುಣಿದ ಮೇಲೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವುದುಂಟು. ವಾಂತಿಗೆ ಪ್ರಯತ್ನಿಸುತ್ತದೆ, ಏನೂ ಬರುವುದಿಲ್ಲ, ಹೊಟ್ಟೆ ಡೋಲಿನಂತೆ ಬಿಗಿಯುತ್ತದೆ. ಆಗ ಉಳಿಯುವುದು ಕೆಲವೇ ಗಂಟೆ. ಹಾಗಿರುವಾಗ 'ಯಜಮಾನರಿಗೆ ಫೋನ್ ಹತ್ತುತ್ತಿಲ್ಲ, ಬೆಳಗ್ಗೆ ನೋಡೋಣ' ಅನ್ನುವ ಸ್ಥಿತಿ ಬರಬಾರದು.

ಆದ್ದರಿಂದ ಬಿಡುವಾಗ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ ಕೊಡಿ: ನಾನು ಸಿಗದಿದ್ದರೆ ಇಂಥ ಡಾಕ್ಟರಿಗೆ ತೋರಿಸಬಹುದು, ಇಷ್ಟು ರೂಪಾಯಿ ತನಕ ಕೇಳದೇ ಖರ್ಚು ಮಾಡಬಹುದು, ಅದಕ್ಕೆ ಮೇಲಾದರೆ ಇಂಥವರಿಗೆ ಫೋನ್ ಮಾಡಿ. ಆ 'ಇಂಥವರು' ಇದೇ ಊರಿನಲ್ಲಿ ಇರಬೇಕು, ರಾತ್ರಿ ಗಾಡಿ ತೆಗೆಯಬಲ್ಲವರಾಗಿರಬೇಕು. ಮನೆಯವರು ತಾವಾಗಿ ಮನುಷ್ಯರ ಮಾತ್ರೆ ಕೊಡಬಾರದು ಅಂತಲೂ ಬರೆಯಿರಿ. ನಾಯಿಯ ಮೈಯ ಮಾಮೂಲಿ ಉಷ್ಣವೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮುಟ್ಟಿ ನೋಡಿ 'ಜ್ವರ' ಅಂದುಕೊಂಡು ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಹಾಕಿದರೆ ಇಲ್ಲದ ಕಾಯಿಲೆ ಬರುತ್ತದೆ.

ವಾಪಸ್ ಬರುವ ದಿನವೂ ನಮ್ಮ ಕೈಯಲ್ಲಿಲ್ಲ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು. ಮೂರು ವಾರ ಕಳೆಯುತ್ತಿದ್ದಂತೆ, ಆಗಸ್ಟ್ 7ರ ನಸುಕಿಗೆ ಮೊದಲು, ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ಘಟ್ಟದ ರಸ್ತೆಗಳು ಮಳೆಗಾಲದಲ್ಲಿ ಯಾವಾಗ ಬೇಕಾದರೂ ಮುಚ್ಚುತ್ತವೆ. ಎರಡು ಮೂರು ದಿನ ತಡವಾದರೆ ಇಟ್ಟುಕೊಳ್ಳುತ್ತೀರಾ, ನಿಮ್ಮಲ್ಲಿ ಆಗ ಬೇರೆ ನಾಯಿ ಬುಕ್ ಆಗಿದ್ದರೆ ನಮ್ಮದು ಎಲ್ಲಿರುತ್ತದೆ, ಆ ದಿನಗಳಿಗೆ ದರ ಎಷ್ಟು ಅನ್ನುವುದನ್ನು ಜೂನ್ ಮೊದಲೇ ಮಾತಾಡಿಕೊಳ್ಳಬೇಕು. ಗಾಳಿಮಳೆಗೆ ಕರೆಂಟೂ ನೆಟ್‌ವರ್ಕೂ ಹೋದರೆ ಫೋಟೋ ಬರುವುದಿಲ್ಲ ಅನ್ನುವುದಕ್ಕೂ ತಯಾರಾಗಿರಿ. ಎರಡು ದಿನ ವಾಟ್ಸಾಪ್‌ನಲ್ಲಿ ಒಂದೇ ಟಿಕ್ ಕಂಡರೆ ಯಾರೂ ನಿಮ್ಮ ನಾಯಿಯನ್ನು ಮಾರಿಲ್ಲ.

ದರದ ಲೆಕ್ಕ ರಾತ್ರಿಗೋ 24 ಗಂಟೆಗೋ ಅಂತ ಕೇಳಿದರೆ ಸಾಕು, ಮಿಕ್ಕಿದ ಜಗಳ ಅದರಲ್ಲೇ ತೀರುತ್ತದೆ. ಬೆಂಗಳೂರಿನ ಬಸ್ಸು ಬೆಳಗಿನ ಜಾವಕ್ಕೆ ಬಂದು ನಿಲ್ಲುತ್ತದೆ, ಆ ಹೊತ್ತಿಗೇ ಹೋಗಿ ಬಾಗಿಲು ಬಡಿಯುವ ಹಕ್ಕು ನಿಮಗಿಲ್ಲ.

ಬಿಡುವವರು ಮುಚ್ಚಿಡುವುದು

ಇಷ್ಟು ಹೊತ್ತು ಬೋರ್ಡಿಂಗ್ ಮನೆಯವರನ್ನೇ ಪರೀಕ್ಷೆಗೆ ಕೂರಿಸಿದ್ದಾಯಿತು. ಅವರ ಹತ್ತಿರ ಮಾತಿಗೆ ಕೂತರೆ ದೂರುಗಳ ಪಟ್ಟಿ ಉದ್ದವಿದೆ, ಅದರಲ್ಲಿ ಹೆಚ್ಚಿನವು ನ್ಯಾಯವಾದವು. ತಟ್ಟೆಯ ಹತ್ತಿರ ಕೈ ಹಾಕಿದರೆ ಕಚ್ಚುತ್ತದೆ ಅನ್ನುವುದನ್ನು ಹೇಳದೇ ಬಿಟ್ಟುಹೋಗುತ್ತಾರೆ. ಮಗುವಿನ ಮೇಲೆ ಗುರ್ ಅಂದದ್ದನ್ನು 'ಆಟಕ್ಕೆ' ಅನ್ನುತ್ತಾರೆ. ಹೆಣ್ಣುನಾಯಿ ಬೆದೆಗೆ ಬರುವ ಹೊತ್ತಾಗಿದೆ ಅಂತ ಗೊತ್ತಿದ್ದೂ ಬಾಯಿ ಬಿಡುವುದಿಲ್ಲ. ಬೆದೆ ಸುಮಾರು ಮೂರು ವಾರ ನಡೆಯುತ್ತದೆ, ಅಷ್ಟು ದಿನ ಊರಿನ ಗಂಡುನಾಯಿಗಳೆಲ್ಲ ಆ ಮನೆಯ ಬೇಲಿಗೆ ಜಮಾಯಿಸುತ್ತವೆ. ಲಸಿಕೆ ಹಾಕಿಸಿದ್ದೇವೆ ಅನ್ನುತ್ತಾರೆ, ಚೀಟಿ ಕೇಳಿದರೆ ಮನೆಯಲ್ಲಿದೆ. ಹೊರಡುವ ಹಿಂದಿನ ದಿನ ಹಾಕಿಸಿದ ಲಸಿಕೆಗೆ ಬೋರ್ಡಿಂಗ್ ಮಟ್ಟಿಗೆ ಬೆಲೆ ಕಡಿಮೆ, ಮೈ ಅದಕ್ಕೆ ಹೊಂದಿಕೊಳ್ಳಲು ಎರಡು ವಾರವಾದರೂ ಬೇಕು. ಪಾರ್ವೊ ರೋಗದ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಒಂದು ಮರಿ ತಂದು ಹಾಕಿದರೆ ಆ ಮನೆಯವರು ಮುಂದಿನ ಸೀಸನ್ನಿನ ತನಕ ಬೇರೆ ಮರಿಗಳನ್ನು ಕರೆಯುವ ಹಾಗಿಲ್ಲ. ಚೀಟಿ ಕೇಳದೇ ಒಳಗೆ ಬಿಟ್ಟುಕೊಳ್ಳುವ ಮನೆ ಉದಾರವಾಗಿ ಕಾಣುತ್ತದೆ. ನಿಮಗೆ ಕೇಳದವರು ನಿಮ್ಮ ನಾಯಿಯ ಪಕ್ಕದಲ್ಲಿ ಮಲಗುವ ನಾಯಿಯವರಿಗೂ ಕೇಳಿರುವುದಿಲ್ಲ.

ಅಲ್ಲಿ ಯಾರನ್ನಾದರೂ ಕಚ್ಚಿದರೆ ನಾಯಿಗೆ ರೇಬೀಸ್ ಲಸಿಕೆ ಆಗಿದೆ ಅನ್ನುವುದೊಂದನ್ನೇ ನಂಬಿ ಕೂರುವಂತಿಲ್ಲ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಸರಕಾರಿ ಆಸ್ಪತ್ರೆಗೆ ಹೋಗಬೇಕು, ನಾಯಿಯ ಮೇಲೆ 10 ದಿನ ಕಣ್ಣಿಡಬೇಕು. ಆ ಖರ್ಚು, ಓಡಾಟ ಯಾರದ್ದು ಅನ್ನುವುದು ಮೊದಲೇ ಮಾತಾಗಿರಲಿ. ಸಾಕಿದ ಪ್ರಾಣಿಯಿಂದ ಅಪಾಯವಾಗದಂತೆ ಎಚ್ಚರ ವಹಿಸದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳ ತನಕ ಜೈಲು ಅಥವಾ 5,000 ರೂಪಾಯಿ ತನಕ ದಂಡಕ್ಕೆ ಅವಕಾಶವಿದೆ.

ಕಾನೂನಿನ ಮಾತು ಬಂದದ್ದರಿಂದ ಇನ್ನೊಂದಿಷ್ಟು. ನಾಯಿ ಸತ್ತರೆ, ಕಳೆದುಹೋದರೆ ಏನು ಪರಿಹಾರ? ಕಾನೂನಿನ ಲೆಕ್ಕದಲ್ಲಿ ನಾಯಿ ಸ್ವತ್ತು. 1872ರ ಕರಾರು ಕಾಯ್ದೆಯ ಪ್ರಕಾರ ಬೇರೆಯವರ ಸ್ವತ್ತನ್ನು ಇಟ್ಟುಕೊಂಡವರು ಸಾಮಾನ್ಯ ವಿವೇಕವುಳ್ಳವರು ತಮ್ಮ ಸ್ವತ್ತನ್ನು ನೋಡಿಕೊಳ್ಳುವಷ್ಟು ಜಾಗ್ರತೆ ವಹಿಸಬೇಕು, ಅಷ್ಟು ವಹಿಸಿಯೂ ಹಾನಿಯಾದರೆ ಬೇರೆ ಕರಾರಿಲ್ಲದ ಪಕ್ಷದಲ್ಲಿ ಅವರು ಹೊಣೆಯಲ್ಲ. ದುಡ್ಡು ಕೊಟ್ಟು ಪಡೆದ ಸೇವೆಯಾದ್ದರಿಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಊಟ ನೀರು ಕೊಡದೇ ಕಟ್ಟಿಹಾಕಿದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ. ಅದರಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ, ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಚಹಾ ತಿಂಡಿಗೆ ಆಗುವಷ್ಟು. ಇಷ್ಟರ ಮೇಲೆ ಎಲ್ಲವೂ ನಿಂತಿರುವುದು ನಿಮ್ಮ ಹತ್ತಿರ ಬರೆದ ಹಾಳೆ ಇದೆಯೋ, ಗೂಗಲ್ ಪೇ ಮಾಡಿದ ದಾಖಲೆ ಇದೆಯೋ ಅನ್ನುವುದರ ಮೇಲೆ. ಕೈಯಲ್ಲಿ ನೋಟು ಕೊಟ್ಟು 'ನೋಡಿಕೊಳ್ಳಿ ಅಕ್ಕಾ' ಅಂತ ಬಂದವರಿಗೆ ಆಯೋಗದ ಮುಂದೆ ತೋರಿಸಲು ಏನೂ ಇರುವುದಿಲ್ಲ.

ಕರೆತಂದ ಮೇಲೆ

ನಾಯಿ ನಿಮ್ಮನ್ನು ಕಂಡು ಹುಚ್ಚೆದ್ದು ಕುಣಿದು, ಮನೆಗೆ ಬಂದು ಒಂದು ಬೋಗುಣಿ ನೀರು ಕುಡಿದು, ಎರಡು ದಿನ ಮಲಗಿಯೇ ಇರುತ್ತದೆ. ಅಲ್ಲಿ ಸರಿಯಾಗಿ ನಿದ್ದೆ ಮಾಡಿರುವುದಿಲ್ಲ, ಅಷ್ಟೇ. ಬಂದ ಸಂಜೆಯೇ ಹೊಟ್ಟೆಬಿರಿ ಹಾಕಬೇಡಿ, ಅರ್ಧ ಊಟ ಸಾಕು. ಸ್ನಾನಕ್ಕೆ ಮೊದಲು ಕಿವಿಯ ಒಳಬದಿ, ಬೆರಳ ಸಂದಿ, ಬಾಲದ ಬುಡ ಕೈಯಾಡಿಸಿ ಉಣುಗು ಹುಡುಕಿ. ಸಿಕ್ಕಿದರೆ ಬರಿಗೈಯಲ್ಲಿ ಹಿಸುಕದೇ ಚಿಮಟಿಯಿಂದ ಚರ್ಮದ ಹತ್ತಿರ ಹಿಡಿದು ನೆಟ್ಟಗೆ ಎಳೆಯಿರಿ. ಒಂದೆರಡು ಕಿಲೋ ಇಳಿದಿದ್ದರೆ ಅದು ನಾಯಿಯ ಗಾತ್ರದ ಮೇಲೆ ಹೋಗುವ ಮಾತು. ಲ್ಯಾಬ್ರಡಾರಿಗೆ ಒಂದು ಕಿಲೋ ಏನಲ್ಲ, ಪೊಮೇರಿಯನ್‌ಗೆ ಅಷ್ಟಾದರೆ ಕೇಳಲೇಬೇಕು.

ಗಂಟಲಲ್ಲಿ ಏನೋ ಸಿಕ್ಕಿದ ಹಾಗೆ ಒಣ ಕೆಮ್ಮು ಬಂದರೆ ಅದು ಜತೆಯ ನಾಯಿಗಳಿಂದ ಹತ್ತಿದ ಕೆನ್ನಲ್ ಕೆಮ್ಮು ಇರಬಹುದು, ಕಾಣಿಸಿಕೊಳ್ಳಲು ಎರಡು ದಿನದಿಂದ ಎರಡು ವಾರ ಹಿಡಿಯುತ್ತದೆ. ಉಣುಗು ಜ್ವರ ಇನ್ನೂ ತಡ: ಕಚ್ಚಿದ ಒಂದರಿಂದ ಮೂರು ವಾರದ ಮೇಲೆ ಊಟ ಬಿಡುವುದು, ಒಸಡು ಬಿಳಿಚುವುದು, ಮೂಗಿನಲ್ಲಿ ರಕ್ತ. ಅಷ್ಟರಲ್ಲಿ ಬೋರ್ಡಿಂಗ್ ಮಾತು ಮರೆತುಹೋಗಿರುತ್ತದೆ, ಡಾಕ್ಟರು ಕೇಳಿದಾಗ 'ಮನೆಯಲ್ಲೇ ಇತ್ತು' ಅನ್ನುತ್ತೇವೆ. ಬಿಟ್ಟ ತಾರೀಕನ್ನು ಲಸಿಕೆ ಪುಸ್ತಕದ ಹಿಂದೆ ಬರೆದಿಟ್ಟರೆ ರಕ್ತಪರೀಕ್ಷೆಗೆ ಬೇಗ ದಾರಿಯಾಗುತ್ತದೆ. ಕಾಯಿಲೆ ಗೊತ್ತಾದ ದಿನ ಬೋರ್ಡಿಂಗ್ ಮನೆಗೂ ಒಂದು ಫೋನ್ ಮಾಡಿ. ಆ ವಾರ ಅಲ್ಲಿದ್ದ ಬೇರೆ ನಾಯಿಗಳ ಯಜಮಾನರಿಗೆ ಅವರೇ ತಿಳಿಸಬೇಕಾಗುತ್ತದೆ.